ತತ್ತ್ವಶಾಸ್ತ್ರ ಮತ್ತು ಮತಧರ್ಮಗಳ ವ್ಯಾಸಂಗ: ಹಾಸನ ಸೀಮೆ ಮತ್ತು ಮೈಸೂರು ವಿಶ್ವವಿದ್ಯಾನಿಲಯ

ತತ್ತ್ವಶಾಸ್ತ್ರವು, ಇರುವುದಾವುದು, ಅದನ್ನು ಅರಿಯುವ ಬಗೆ ಯಾವುದು, ಅರಿತವನು ಬಾಳಬೇಕಾದ ರೀತಿ ಯಾವುದು ಎಂಬ ಪ್ರಶ್ನೆಗಳನ್ನು ಯುಕ್ತಿಯ ಬಲದಿಂದ ವಿಚಾರಿಸುವ ಶಾಸ್ತ್ರ. ಮತಧರ್ಮಗಳ ವ್ಯಾಸಂಗವು ಅದಕ್ಕೆ ನೆರೆಯಾದ ಇನ್ನೊಂದು ವಿದ್ಯೆ. ಮನುಷ್ಯನು ದೈವವೆಂದೋ ಮೋಕ್ಷವೆಂದೋ ನಂಬಿ ತಲೆಮಾರುಗಳಿಂದ ನಡೆಸಿಕೊಂಡು ಬಂದುದನ್ನು ಅದರ ಗ್ರಂಥ, ಆಚಾರ, ಸಂಸ್ಥೆ, ಚರಿತ್ರೆಗಳ ಮುಖಾಂತರ, ಯಾವೊಂದು ಮತದ ಪರವಾಗಿಯೂ ವಕಾಲತ್ತು ವಹಿಸದೆ ಅರಿಯುವುದು ಅದರ ಉದ್ದೇಶ. ಮೊದಲನೆಯದಕ್ಕೆ ಕನ್ನಡದಲ್ಲಿ ತತ್ತ್ವಶಾಸ್ತ್ರ, ದರ್ಶನ ಎಂಬ ಸ್ಥಿರವಾದ ಹೆಸರುಗಳಿವೆ. ಎರಡನೆಯದಕ್ಕೆ ಅಂತಹ ಹೆಸರು ಇನ್ನೂ ನೆಲೆಗೊಂಡಿಲ್ಲ: ಧರ್ಮಶಾಸ್ತ್ರವೆಂದರೆ ಮನು ಯಾಜ್ಞವಲ್ಕ್ಯಾದಿಗಳ ಸ್ಮೃತಿಗಳು ನೆನಪಿಗೆ ಬರುತ್ತವೆ, ಮತಶಾಸ್ತ್ರವೆಂದರೆ ಒಂದು ಮತದ ಸಿದ್ಧಾಂತವೆಂದು ಅರ್ಥವಾಗುತ್ತದೆ, ಧಾರ್ಮಿಕ ಶಿಕ್ಷಣವೆಂದರೆ ಉಪದೇಶವೆಂದು ತೋರುತ್ತದೆ. ಈ ಹೆಸರಿನ ತೊಡಕಿನ ಹಿಂದೆ ಒಂದು ತಾತ್ತ್ವಿಕವಾದ ತೊಡಕೇ ಇರುವುದನ್ನು ಮುಂದೆ ನೋಡಬಹುದು.

ಹಾಸನ ತಾಲ್ಲೂಕಿನ ಕಟ್ಟಾಯವೆಂಬ ಊರನ್ನು ನಡುವಿಟ್ಟುಕೊಂಡು ನೋಡಿದರೆ, ಸುತ್ತಣ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳು ಹೇಮಾವತಿ ಕಾವೇರಿಗಳ ನೀರುಂಡು ಆಲೂಗಡ್ಡೆ, ರಾಗಿ, ಹೊಗೆಸೊಪ್ಪು, ತೆಂಗುಗಳನ್ನು ಬೆಳೆಯುವ ಬೇಸಾಯದ ನಾಡು. ಇಲ್ಲಿಯ ಒಂದು ಮನೆಯ ಹುಡುಗನೋ ಹುಡುಗಿಯೋ ತತ್ತ್ವಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದುತ್ತೇನೆಂದರೆ, ಓದಿ ಯಾವ ಕೆಲಸ ಸಿಕ್ಕೀತೆಂದು ಹಿರಿಯರು ಕೇಳುವುದು ಸಹಜ. ಆದರೆ ಇದೇ ನಾಲ್ಕು ತಾಲ್ಲೂಕುಗಳ ಎಲ್ಲೆಯೊಳಗೆ, ವಾದದಲ್ಲಿ ಗೆದ್ದ ಆಚಾರ್ಯರ ಹೆಸರುಗಳನ್ನು ಕಲ್ಲಿನಲ್ಲಿ ಕೊರೆದಿಟ್ಟ ಬೆಟ್ಟವೊಂದಿದೆ. ಶಂಕರಾಚಾರ್ಯರ ಮಾತಿಗೆ ಅನಂತರದ ವ್ಯಾಖ್ಯಾನಕಾರರು ಹೇಳಿದ ಅರ್ಥವು ಸರಿಯಲ್ಲವೆಂದು ಸಾಧಿಸಲು ಬಾಳನ್ನೇ ಸವೆಸಿದ ಯತಿಯೊಬ್ಬರ ಕಾರ್ಯಾಲಯವಿದೆ. ಸಾವೆಂದರೇನೆಂಬ ಪ್ರಶ್ನೆಯನ್ನು ಹೊತ್ತು ತತ್ತ್ವಶಾಸ್ತ್ರದ ತರಗತಿಗೆ ಹೋದ ಕಾದಂಬರಿಕಾರನ ಹುಟ್ಟೂರಿದೆ. ಆದಕಾರಣ ವಿಶ್ವವಿದ್ಯಾನಿಲಯದಲ್ಲಿ ಈ ವಿದ್ಯೆಗಳು ಬೆಳೆದ ಬಗೆಯನ್ನು ಈ ಸೀಮೆಯ ಕಣ್ಣಿನಿಂದ ನೋಡುವುದು ಉಚಿತ. ನೋಡಿದಾಗ ಕಾಣುವುದು, ಗುರುಮನೆಯ ವಿದ್ಯೆಯೂ ವಿಶ್ವವಿದ್ಯಾನಿಲಯದ ವಿದ್ಯೆಯೂ ಒಂದನ್ನೊಂದು ಬಿಟ್ಟು ಇಲ್ಲಿ ಬೆಳೆಯಲಿಲ್ಲವೆಂಬುದು. ಅವೆರಡೂ ಕೂಡಿದ ಕಡೆಯಲ್ಲೆಲ್ಲ ಒಳ್ಳೆಯ ಫಲ ಬಂದಿದೆ, ಅಗಲಿದ ಕಡೆ ಎರಡೂ ಬಡವಾಗಿವೆ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವನ್ನು ಯಾತ್ರಿಕರು ದೊಡ್ಡಬೆಟ್ಟದ ಗೊಮ್ಮಟನಿಗಾಗಿ ಬಲ್ಲರು. ವಿದ್ಯಾರ್ಥಿಯಾದವನು ಎದುರಿನ ಚಿಕ್ಕಬೆಟ್ಟವನ್ನೂ ಹತ್ತಬೇಕು. ಚಂದ್ರಗಿರಿಯೆಂಬ ಈ ಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿ ಮಲ್ಲಿಷೇಣ ಪ್ರಶಸ್ತಿಯೆಂದು ಪ್ರಸಿದ್ಧವಾದ ಶಾಸನವಿದೆ. ಮಲ್ಲಿಷೇಣ ಮಲಧಾರಿದೇವರು ಕ್ರಿ.ಶ. 1129ರಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದುದನ್ನು ಹೇಳಹೊರಟ ಈ ಶಾಸನವು, ಅದಕ್ಕೆ ಮುನ್ನ ಅವರ ಪರಂಪರೆಯ ಆಚಾರ್ಯರನ್ನು ಒಬ್ಬೊಬ್ಬರನ್ನಾಗಿ ನೆನೆಯುತ್ತದೆ. ಹಾಗೆ ನೆನೆಯುವಾಗ ಅವರ ತಪಸ್ಸಿಗಿಂತ ಹೆಚ್ಚಾಗಿ ಅವರ ತರ್ಕಶಕ್ತಿಯನ್ನು ಕೊಂಡಾಡುತ್ತದೆ. ಸಮಂತಭದ್ರರು ಊರೂರಿಗೆ ಹೋಗಿ ವಾದಕ್ಕೆ ಕರೆಕೊಟ್ಟುದು, ಅಕಳಂಕರು ಬೌದ್ಧರನ್ನು ಎದುರಿಸಿದುದು, ವಾದಿರಾಜರು ಚಾಲುಕ್ಯರ ರಾಜಧಾನಿಯಲ್ಲಿ ಮೆರೆದುದು ಇವೆಲ್ಲ ಅಲ್ಲಿವೆ. ಗೆದ್ದವರ ಕಡೆಯವರು ಬರೆಯಿಸಿದ ಶಾಸನವಾದುದರಿಂದ ಅದರಲ್ಲಿ ಅತಿಶಯೋಕ್ತಿ ಇರುವುದು ದಿಟ. ಆದರೂ, ತನ್ನ ನಂಬಿಕೆಯನ್ನು ಎದುರಾಳಿಯ ಮುಂದೆ ಯುಕ್ತಿಯಿಂದ ಸಮರ್ಥಿಸಿಕೊಳ್ಳಲಾರದವನು ಆಚಾರ್ಯನೆನಿಸನು ಎಂಬ ಭಾವನೆಯು ಎಂಟುನೂರು ತೊಂಬತ್ತಕ್ಕೂ ಮಿಕ್ಕ ವರ್ಷಗಳ ಹಿಂದೆ ಈ ನೆಲದಲ್ಲಿ ಬೇರುಬಿಟ್ಟಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಪೂರ್ವಪಕ್ಷವನ್ನು ಎದುರಾಳಿಗೇ ಒಪ್ಪಿಗೆಯಾಗುವಂತೆ ಮೊದಲು ನಿರೂಪಿಸಿ, ಆಮೇಲೆ ಖಂಡಿಸಿ, ಕೊನೆಗೆ ಸಿದ್ಧಾಂತವನ್ನು ಸ್ಥಾಪಿಸುವ ಕ್ರಮವು ಭಾರತೀಯ ದರ್ಶನಗಳಿಗೆಲ್ಲ ಸಾಧಾರಣವಾದುದು. ಇಂದಿನ ಪ್ರೌಢಪ್ರಬಂಧಗಳನ್ನು ಬರೆಯುವವರು ಈ ಕ್ರಮವನ್ನು ಇನ್ನಷ್ಟು ನಿಷ್ಠೆಯಿಂದ ಪಾಲಿಸಿದರೆ ಪರೀಕ್ಷಕರಿಗೂ ಓದುಗರಿಗೂ ಉಪಕಾರವಾದೀತು.

ಅದೇ ಊರಿನ ಭಂಡಾರಿ ಬಸದಿಯಲ್ಲಿ 1368ರ ಇನ್ನೊಂದು ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಹುಟ್ಟಿ, ಜೈನರು ವಿಜಯನಗರದ ಬುಕ್ಕರಾಯನಲ್ಲಿ ದೂರಿತ್ತಾಗ, ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ ಒಪ್ಪಂದ ಮಾಡಿಸಿದನು. ಜೈನರು ಮನೆಗೊಂದರಂತೆ ವರ್ಷಕ್ಕೊಂದು ಹಣ ಕೊಡುವುದು, ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ವೈಷ್ಣವರೇ ನೇಮಿಸುವುದು, ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸುವುದು ಎಂಬ ವಿವರಗಳೂ ಅದರಲ್ಲಿವೆ. ಮತಗಳ ವ್ಯಾಸಂಗದಲ್ಲಿ ತೊಡಗುವವನು ತತ್ತ್ವವನ್ನು ಮಾತ್ರ ನೋಡಿದರೆ ಸಾಲದು. ಸುಣ್ಣದ ಲೆಕ್ಕವನ್ನೂ ಕಾವಲಿನವರ ಸಂಬಳದ ಲೆಕ್ಕವನ್ನೂ ನೋಡಬೇಕು. ಎರಡು ಮತಗಳವರು ಒಂದೇ ಸೀಮೆಯಲ್ಲಿ ಹೇಗೆ ಬಾಳಿದರೆಂಬುದು ಬಹುಪಾಲು ಅಂತಹ ಲೆಕ್ಕಗಳಲ್ಲಿಯೇ ಅಡಗಿರುತ್ತದೆ.

ಹಳೆಯ ವಿದ್ಯಾಭ್ಯಾಸವು ಗುರುಮನೆ, ಅಗ್ರಹಾರ, ಮಠ, ಬಸದಿಗಳನ್ನು ಆಶ್ರಯಿಸಿತ್ತು. ಒಂದು ಗ್ರಂಥವನ್ನು ಪಂಕ್ತಿಪಂಕ್ತಿಯಾಗಿ, ವರ್ಷಾನುಗಟ್ಟಲೆ ಗುರುವಿನೆದುರು ಕುಳಿತು ಪಾಠವೋದುವ ಆ ಕ್ರಮದಲ್ಲಿ ಒದಗುತ್ತಿದ್ದ ಆಳವು ಇಂದಿನ ತರಗತಿಯಲ್ಲಿ ಅಪರೂಪ. ಆದರೆ ಆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಜಾತಿಯಿಂದ ಹೊರಗುಳಿದವರಿಗೆ, ಬಹುಮಟ್ಟಿಗೆ ಸ್ತ್ರೀಯರಿಗೆ, ಅದು ಮುಚ್ಚಿದ ಬಾಗಿಲೇ ಆಗಿತ್ತು. ಮೈಸೂರಿನಲ್ಲಿ 1876ರಲ್ಲಿ ಆರಂಭವಾದ ಸಂಸ್ಕೃತ ಪಾಠಶಾಲೆಯು ಆ ಪರಂಪರೆಯನ್ನು ಸಂಸ್ಥಾನದ ಆಶ್ರಯಕ್ಕೆ ತಂದಿತು. ಯಾರು ಬೇಕಾದರೂ ಬಂದು ಕುಳಿತು ಅದ್ವೈತವನ್ನೂ ಅರಿಸ್ಟಾಟಲನನ್ನೂ ಒಟ್ಟಿಗೆ ಓದಬಹುದಾದ ಎಡೆಯೊಂದು ದೊರೆತುದು ವಿಶ್ವವಿದ್ಯಾನಿಲಯದಿಂದಲೇ. ಇದೊಂದು ಉಪಕಾರಕ್ಕಾಗಿಯೇ, ಅದರ ಉಳಿದ ಕುಂದುಗಳೇನೇ ಇರಲಿ, ನಾವು ಅದಕ್ಕೆ ಋಣಿಗಳಾಗಿರಬೇಕು.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರ ಜುಲೈ 27ರಂದು, ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅದುವರೆಗೆ ಮದರಾಸಿನ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಮಹಾರಾಜಾ ಕಾಲೇಜು ಈಗ ತನ್ನದೇ ಪಠ್ಯಕ್ರಮವನ್ನು ರೂಪಿಸಿಕೊಳ್ಳುವಂತಾಯಿತು. ತತ್ತ್ವಶಾಸ್ತ್ರ ವಿಭಾಗವನ್ನು ದೀರ್ಘಕಾಲ ನಡೆಸಿದವರು ಪಾರ್ಸಿ ಮನೆತನದ ಎ. ಆರ್. ವಾಡಿಯಾ ಅವರು. 1918ರಿಂದ 1921ರವರೆಗೆ ಸರ್ವೇಪಲ್ಲಿ ರಾಧಾಕೃಷ್ಣನ್ ಅವರು ಇಲ್ಲಿ ಅಧ್ಯಾಪಕರಾಗಿದ್ದರು. ರವೀಂದ್ರನಾಥ ಠಾಕೂರರ ತತ್ತ್ವವನ್ನು ಕುರಿತ ಅವರ ಗ್ರಂಥವೂ, ಸಮಕಾಲೀನ ತತ್ತ್ವಶಾಸ್ತ್ರದಲ್ಲಿ ಮತದ ಪ್ರಭಾವವನ್ನು ಕುರಿತು 1920ರಲ್ಲಿ ಪ್ರಕಟವಾದ ಗ್ರಂಥವೂ ಈ ಅವಧಿಯವು. ಕಲ್ಕತ್ತೆಯ ಐದನೆಯ ಜಾರ್ಜ್ ಪೀಠದಲ್ಲಿದ್ದ ಬ್ರಜೇಂದ್ರನಾಥ ಶೀಲರು ಮೈಸೂರಿಗೆ ಉಪಕುಲಪತಿಗಳಾಗಿ ಬಂದರು. ಅವರು ಬಿಟ್ಟ ಪೀಠಕ್ಕೆ ಮೈಸೂರಿನಿಂದ ರಾಧಾಕೃಷ್ಣನ್ನರು ಹೋದರು. ಒಂದು ಪ್ರಾಂತದ ಹೊಸ ವಿಶ್ವವಿದ್ಯಾನಿಲಯವು ಹುಟ್ಟಿದ ಐದಾರು ವರ್ಷಗಳೊಳಗೆ ಇಂತಹ ಕೊಡುಕೊಳೆಗೆ ಅರ್ಹವಾದುದನ್ನು ನೆನೆದಾಗ ಮನಸ್ಸು ಹಿಗ್ಗುತ್ತದೆ. ರಾಧಾಕೃಷ್ಣನ್ನರು ಮುಂದೆ 1936ರಲ್ಲಿ ಆಕ್ಸ್‌ಫರ್ಡಿನಲ್ಲಿ ಪೌರಸ್ತ್ಯ ಮತಗಳು ಮತ್ತು ನೀತಿಶಾಸ್ತ್ರದ ಸ್ಪಾಲ್ಡಿಂಗ್ ಪೀಠದ ಮೊದಲ ಪ್ರಾಧ್ಯಾಪಕರಾದರು.

ಆದರೆ ಆ ಕಾಲದ ಮೈಸೂರಿನ ವಿದ್ಯೆಯ ನಿಜವಾದ ತೂಕವನ್ನು ಅರಿಯಬೇಕಾದರೆ, ತತ್ತ್ವಶಾಸ್ತ್ರದ ಪೀಠದಲ್ಲಿ ಕೂಡದೆ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದ ಎಂ. ಹಿರಿಯಣ್ಣನವರ ಬಳಿಗೆ ಹೋಗಬೇಕು. 1871ರಲ್ಲಿ ಜನಿಸಿ 1927ರಲ್ಲಿ ನಿವೃತ್ತರಾದ ಇವರು, ಹಲವು ವರ್ಷಗಳ ಕಾಲ ಮೈಸೂರಿನ ವಿದ್ಯಾರ್ಥಿಗಳಿಗೆ ಮಾಡಿದ ಉಪನ್ಯಾಸಗಳನ್ನು ಆಧರಿಸಿ ಭಾರತೀಯ ದರ್ಶನಗಳ ರೂಪರೇಖೆಯನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಗ್ರಂಥವು 1932ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರ ಸಾರವನ್ನು ಇನ್ನೂ ಸುಲಭವಾಗಿಸಿದ ಇನ್ನೊಂದು ಗ್ರಂಥವು 1949ರಲ್ಲಿ, ಅವರು ತೀರಿಕೊಳ್ಳುವುದಕ್ಕೆ ಸ್ವಲ್ಪ ಮುನ್ನ ಬಂದಿತು. ಇಂದಿಗೂ ಭಾರತದ ಯಾವ ಮೂಲೆಯಲ್ಲಾಗಲಿ ದರ್ಶನಗಳನ್ನು ಓದಹೊರಡುವವರ ಕೈಗೆ ಮೊದಲು ಬರುವ ಪುಸ್ತಕಗಳಲ್ಲಿ ಅವು ಸೇರಿವೆ. ಒಂದು ಅಧಿಕವಾದ ಮಾತಿಲ್ಲ, ಒಂದು ಕಡಿಮೆಯಾದ ಮಾತಿಲ್ಲ. ತಾವು ಒಪ್ಪದ ದರ್ಶನವನ್ನೂ ಅದರ ಅನುಯಾಯಿಯೇ ಬರೆದನೋ ಎಂಬಂತೆ ನಿರೂಪಿಸುವ ಆ ಸಂಯಮವು ತರಗತಿಯ ಪಾಠದಿಂದ ಬಂದ ಸಂಯಮ. ಹುಡುಗರಿಗೆ ದಿನದಿನವೂ ವಿವರಿಸುತ್ತ, ಎಲ್ಲಿ ಅರ್ಥವಾಗುವುದಿಲ್ಲವೋ ಅಲ್ಲಿ ನಿಂತು ತಿದ್ದಿಕೊಳ್ಳುತ್ತ ಬಂದವರಿಗೆ ಮಾತ್ರ ಅಂತಹ ಗದ್ಯ ಸಿದ್ಧಿಸುತ್ತದೆ. ಇದೇ ಕಾಲದಲ್ಲಿ ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ಅವರು ಶೃಂಗೇರಿಯ ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತೀ ಸ್ವಾಮಿಗಳಲ್ಲಿ ವೇದಾಂತವನ್ನು ಓದಿದವರು. ರಾಮಕೃಷ್ಣಾಶ್ರಮದ ಯತಿಗಳು ಮೈಸೂರಿಗೆ ಬಂದು ಇವರಲ್ಲಿ ಪಾಠವೋದುತ್ತಿದ್ದರು. ಕಚೇರಿ, ಕಾಲೇಜು, ಆಶ್ರಮ ಇವು ಮೂರೂ ಒಂದೇ ಊರಿನಲ್ಲಿ ಒಂದೇ ಪ್ರಶ್ನೆಯನ್ನು ಚರ್ಚಿಸುತ್ತಿದ್ದ ಕಾಲವದು.

ಆ ಚರ್ಚೆಯ ಅತ್ಯಂತ ತೀಕ್ಷ್ಣವಾದ ಶಾಖೆಯು ಹೊಳೆನರಸೀಪುರದಲ್ಲಿ ನೆಲೆಸಿತು. 1880ರಲ್ಲಿ ಜನಿಸಿದ ವೈ. ಸುಬ್ಬರಾಯರು ಉಪಾಧ್ಯಾಯ ವೃತ್ತಿಯಲ್ಲಿದ್ದುಕೊಂಡೇ ಶಾಂಕರಭಾಷ್ಯಗಳನ್ನು ಅಭ್ಯಾಸಮಾಡಿ, 1920ರಲ್ಲಿ ಬೆಂಗಳೂರಿನಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ಆರಂಭಿಸಿದರು. 1937ರಲ್ಲಿ ಅದು ಹೇಮಾವತಿಯ ದಡದ ಹೊಳೆನರಸೀಪುರಕ್ಕೆ ಬಂದಿತು. 1948ರಲ್ಲಿ ಸಂನ್ಯಾಸ ಸ್ವೀಕರಿಸಿ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳಾದ ಇವರು 1975ರಲ್ಲಿ ಬ್ರಹ್ಮೀಭೂತರಾಗುವವರೆಗೆ ಕನ್ನಡ, ಸಂಸ್ಕೃತ, ಇಂಗ್ಲಿಷ್ ಭಾಷೆಗಳಲ್ಲಿ 200ಕ್ಕೂ ಮಿಕ್ಕು ಗ್ರಂಥಗಳನ್ನು ರಚಿಸಿದರು. ಶಾಂಕರಭಾಷ್ಯಗಳನ್ನು ಕನ್ನಡಕ್ಕೆ ತಂದ ಅವರ ಕೆಲಸವೊಂದೇ ಒಂದು ಜನ್ಮಕ್ಕೆ ಸಾಲುವಷ್ಟಿದೆ.

ಅವರು ಎತ್ತಿದ ಪ್ರಶ್ನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ತತ್ತ್ವಶಾಸ್ತ್ರದ ವ್ಯಾಸಂಗವೆಂದರೆ ಏನೆಂಬುದಕ್ಕೆ ಈ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಅದ್ವೈತದಲ್ಲಿ ಬಂಧಕ್ಕೆ ಕಾರಣವು ಅವಿದ್ಯೆ. ಆ ಅವಿದ್ಯೆ ಎಂತಹುದು? ಪದ್ಮಪಾದರ ಪಂಚಪಾದಿಕೆ ಮತ್ತು ಅದರ ವಿವರಣವನ್ನು ಅನುಸರಿಸಿದ ಪ್ರಸ್ಥಾನದವರು ಅದನ್ನು ಅನಾದಿಯಾದ, ಭಾವರೂಪವಾದ, ಜಗತ್ತಿಗೆ ಉಪಾದಾನವಾದ ಒಂದು ಶಕ್ತಿಯೆಂದು ಹೇಳಿ, ಗಾಢನಿದ್ರೆಯಲ್ಲಿಯೂ ಅದು ಬೀಜರೂಪದಿಂದ ಉಳಿದಿರುತ್ತದೆಂದು ಸಾಧಿಸಿದರು. ಅದಕ್ಕೆ ಮೂಲಾವಿದ್ಯೆಯೆಂದು ಹೆಸರು. ಸುಬ್ಬರಾಯರಾದರೋ, ಬ್ರಹ್ಮಸೂತ್ರಭಾಷ್ಯದ ಮೊದಲಿನ ಅಧ್ಯಾಸಭಾಷ್ಯದಲ್ಲಿ ಶಂಕರರು ಅವಿದ್ಯೆಯೆಂದು ಕರೆದಿರುವುದು ಆತ್ಮ ಅನಾತ್ಮಗಳನ್ನು ಒಂದರ ಮೇಲೊಂದು ಆರೋಪಿಸಿಕೊಳ್ಳುವ ನಮ್ಮೆಲ್ಲರ ಸಹಜವಾದ ತಪ್ಪುತಿಳಿವಳಿಕೆಯನ್ನು ಮಾತ್ರವೆಂದೂ, ತಪ್ಪುತಿಳಿವಳಿಕೆಗೆ ಇನ್ನೊಂದು ಮೂಲದ್ರವ್ಯವನ್ನು ಕಲ್ಪಿಸಿದರೆ ಜ್ಞಾನದಿಂದ ಅದು ಹೋಗುವುದು ಹೇಗೆಂದೂ ಕೇಳಿದರು. ಹಗ್ಗವನ್ನು ಹಾವೆಂದು ಕಂಡವನಿಗೆ ಬೇಕಾದುದು ದೀಪ; ಹಾವು ಎಂಬುದೊಂದು ನಿಜವಾಗಿ ಅಲ್ಲಿ ಹುಟ್ಟಿತ್ತೆಂದು ಹೇಳಿದರೆ ದೀಪವೊಂದೇ ಸಾಲದೆ ದೊಣ್ಣೆಯೂ ಬೇಕಾದೀತು. 1929ರ ಮೂಲಾವಿದ್ಯಾನಿರಾಸದಲ್ಲಿ ಈ ವಾದವನ್ನು ಸಂಸ್ಕೃತದಲ್ಲಿ ಮಂಡಿಸಿದ ಅವರು, 1964ರ ವೇದಾಂತಪ್ರಕ್ರಿಯಾಪ್ರತ್ಯಭಿಜ್ಞೆಯಲ್ಲಿ ಗೌಡಪಾದ, ಶಂಕರ, ಸುರೇಶ್ವರರಿಂದ ತೊಡಗಿ ಒಬ್ಬೊಬ್ಬ ವ್ಯಾಖ್ಯಾನಕಾರನನ್ನೂ ಪರೀಕ್ಷಿಸುತ್ತ, ಮೊದಲು ಆರೋಪಿಸಿ ಆಮೇಲೆ ಅಲ್ಲಗಳೆಯುವ ಅಧ್ಯಾರೋಪ ಅಪವಾದಗಳೆಂಬ ಒಂದೇ ಪ್ರಕ್ರಿಯೆಯು ಯಾರಲ್ಲಿ ಉಳಿಯಿತು, ಯಾರಲ್ಲಿ ಜಾರಿತು ಎಂಬುದನ್ನು ತೋರಿಸಿದರು. ಈ ಗ್ರಂಥವನ್ನು ಎ. ಜೆ. ಆಲ್ಸ್ಟನ್ ಎಂಬ ಆಂಗ್ಲ ವಿದ್ವಾಂಸರು ಇಂಗ್ಲಿಷಿಗೆ ಪರಿವರ್ತಿಸಿದುದು 1989ರಲ್ಲಿ ಪ್ರಕಟವಾಯಿತು.

ಸಾಂಪ್ರದಾಯಿಕರಲ್ಲಿ ಅನೇಕರು ಇದನ್ನು ಒಪ್ಪಲಿಲ್ಲ, ಇಂದಿಗೂ ಒಪ್ಪದವರಿದ್ದಾರೆ. ಇಲ್ಲಿ ಗಮನಿಸಬೇಕಾದುದು ವಿಧಾನವನ್ನು. ಶಂಕರರ ಮಾತನ್ನು ಶಂಕರರ ಮಾತುಗಳಿಂದಲೇ ತಿಳಿಯಬೇಕು, ಅನಂತರದವರ ಪರಿಭಾಷೆಯನ್ನು ಅದರ ಮೇಲೆ ಹೊರಿಸಬಾರದು ಎಂಬ ನಿಯಮವನ್ನು ಇವರು ಪಾಲಿಸುತ್ತಿದ್ದಾಗ, ಜರ್ಮನಿಯ ಪೌಲ್ ಹಾಕರ್ ಎಂಬ ವಿದ್ವಾಂಸನು ಭಾಷಾವಿಮರ್ಶೆಯ ದಾರಿಯಿಂದ ಹೊರಟು, ಅವಿದ್ಯೆ, ನಾಮರೂಪ, ಮಾಯೆ, ಈಶ್ವರ ಎಂಬ ಶಬ್ದಗಳನ್ನು ಶಂಕರರು ಬಳಸಿದ ರೀತಿಯು ಅವರ ಅನುಯಾಯಿಗಳ ರೀತಿಗಿಂತ ಬೇರೆಯೆಂದು 1950ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ತೋರಿಸಿದನು. ಒಬ್ಬರು ಹೇಮಾವತಿಯ ದಡದಲ್ಲಿ ಮೋಕ್ಷಾರ್ಥಿಯಾಗಿ, ಇನ್ನೊಬ್ಬನು ಯೂರೋಪಿನ ವಿಶ್ವವಿದ್ಯಾನಿಲಯದಲ್ಲಿ ಭಾಷಾಶಾಸ್ತ್ರಜ್ಞನಾಗಿ ನಡೆದು ಹತ್ತಿರಹತ್ತಿರದ ಎಡೆಗೆ ಬಂದು ಮುಟ್ಟಿದರು. ಒಳಗಿನವನಿಗೆ ಮಾತ್ರ ಅರ್ಥವಾಗುತ್ತದೆಂಬ ಪಂಡಿತರ ಮಾತೂ, ಹೊರಗಿನವನು ಮಾತ್ರ ನಿಷ್ಪಕ್ಷಪಾತಿಯೆಂಬ ಪ್ರಾಧ್ಯಾಪಕರ ಮಾತೂ ಇಲ್ಲಿ ಸಮನಾಗಿ ಸೋತವು. ಹೊಳೆನರಸೀಪುರದ ಈ ಗ್ರಂಥಗಳನ್ನು ನಮ್ಮ ವಿಶ್ವವಿದ್ಯಾನಿಲಯಗಳ ಪಠ್ಯಪಟ್ಟಿಗಳಲ್ಲಿ ಇನ್ನೂ ಧಾರಾಳವಾಗಿ ಸೇರಿಸಬೇಕೆಂಬುದು ಈ ಲೇಖಕನ ದೃಢವಾದ ಅಭಿಪ್ರಾಯ.

ಈ ಸೀಮೆಯಿಂದ ವಿಶ್ವವಿದ್ಯಾನಿಲಯಕ್ಕೆ ಹೋಗಿ ತತ್ತ್ವಶಾಸ್ತ್ರವನ್ನೇ ವೃತ್ತಿಯಾಗಿಸಿಕೊಂಡವರಲ್ಲಿ ಎಲ್ಲರಿಗಿಂತ ಪ್ರಸಿದ್ಧರು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಜನಿಸಿದ ಎಸ್. ಎಲ್. ಭೈರಪ್ಪನವರು (1931–2025). ಎಳವೆಯಲ್ಲಿಯೇ ಪ್ಲೇಗು ಮಾರಿಗೆ ಒಡಹುಟ್ಟಿದವರನ್ನೂ ಅನಂತರ ತಾಯಿಯನ್ನೂ ಕಳೆದುಕೊಂಡು, ಬಡತನದಲ್ಲಿ ಅವರಿವರ ಆಶ್ರಯದಲ್ಲಿ ಓದಿ, ನಡುವೆ ಓದನ್ನು ಬಿಟ್ಟು ಮುಂಬಯಿಯ ರೈಲುನಿಲ್ದಾಣದಲ್ಲಿ ಹಮಾಲಿಯಾಗಿಯೂ ದುಡಿದು, ಸಾಧುಗಳೊಡನೆ ಅಲೆದು, ಮರಳಿ ಬಂದು ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಎಂ.ಎ. ಪದವಿಯನ್ನು ಚಿನ್ನದ ಪದಕದೊಡನೆ ಪಡೆದವರು ಅವರು. ಚಿಕ್ಕಂದಿನಲ್ಲಿ ಕಂಡ ಸಾವುಗಳೇ ತಮ್ಮನ್ನು ತತ್ತ್ವಶಾಸ್ತ್ರದ ಕಡೆಗೆ ಸೆಳೆದುವೆಂದು ಅವರೇ ಹೇಳಿಕೊಂಡಿದ್ದಾರೆ. ಬರೋಡೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ಸತ್ಯ ಸೌಂದರ್ಯಗಳ ಸಂಬಂಧವನ್ನು ಕುರಿತು ಡಾಕ್ಟರೇಟ್ ಪ್ರಬಂಧವನ್ನು ಬರೆದು, ಹುಬ್ಬಳ್ಳಿ, ಗುಜರಾತು, ದೆಹಲಿ, ಮೈಸೂರುಗಳಲ್ಲಿ ಅಧ್ಯಾಪನ ಮಾಡಿ 1991ರಲ್ಲಿ ನಿವೃತ್ತರಾದರು. 1965ರ ವಂಶವೃಕ್ಷದಿಂದ ಮೊದಲುಗೊಂಡು ಅವರ ಕಾದಂಬರಿಗಳಲ್ಲಿ ಧರ್ಮ, ಋಣ, ಸತ್ಯ, ಸಾಕ್ಷಿ ಎಂಬ ದರ್ಶನಶಾಸ್ತ್ರದ ಶಬ್ದಗಳು ಸಂಸಾರದ ಜಗಳಗಳಾಗಿ, ಸಾವಿನ ಮನೆಗಳಾಗಿ ಬರುತ್ತವೆ. ಅವರ ನಿಲವುಗಳನ್ನು ಒಪ್ಪದವರು ಅನೇಕರಿದ್ದಾರೆ. ಆ ಬಗ್ಗೆ ಕನ್ನಡದಲ್ಲಿ ನಡೆದ ವಾಗ್ವಾದವೇ ಒಂದು ಗ್ರಂಥಭಂಡಾರ. ಆದರೆ ಕಾಲೇಜಿನಲ್ಲಿ ಕಲಿತ ವಿಚಾರಕ್ರಮವೊಂದು ಲ್ಯಾಟಿನ್ ಹೆಸರುಗಳ ಜಾಲದಿಂದ ಬಿಡಿಸಿಕೊಂಡು ಕನ್ನಡದ ಹಳ್ಳಿಯ ಬದುಕಿನೊಳಗೆ ಇಳಿಯಬಲ್ಲುದೆಂಬುದನ್ನು ಅವರಷ್ಟು ವಿಸ್ತಾರವಾಗಿ ತೋರಿಸಿದವರು ವಿರಳ.

ವಿದ್ಯಾರ್ಥಿಯು ತರಗತಿಯಲ್ಲಿ ವಾಸ್ತವವಾಗಿ ಓದುವುದೇನು? ಪದವಿಪೂರ್ವ ಹಂತದಲ್ಲಿ ತರ್ಕಶಾಸ್ತ್ರ ಒಂದು ಐಚ್ಛಿಕ ವಿಷಯ. ಪದವಿ ಮತ್ತು ಸ್ನಾತಕೋತ್ತರ ಹಂತಗಳಲ್ಲಿ ಜ್ಞಾನಮೀಮಾಂಸೆ, ತತ್ತ್ವಮೀಮಾಂಸೆ, ನೀತಿಶಾಸ್ತ್ರ, ಪಾಶ್ಚಾತ್ಯ ತತ್ತ್ವಶಾಸ್ತ್ರದ ಇತಿಹಾಸ, ಭಾರತೀಯ ದರ್ಶನಗಳು, ಮತತತ್ತ್ವವಿಚಾರ ಇವು ಇರುತ್ತವೆ. ಮನಶ್ಶಾಸ್ತ್ರವೂ ಹಿಂದೆ ಇದರ ಅಂಗವಾಗಿತ್ತು, ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಗಳು 1924ರಲ್ಲಿ ಅದರ ಪ್ರತ್ಯೇಕ ವಿಭಾಗವನ್ನು ತೆರೆದರು. ತರ್ಕದ ಪಾಠವೊಂದನ್ನು ಉದಾಹರಿಸಿದರೆ ಈ ವಿದ್ಯೆಯ ಸ್ವಭಾವ ತಿಳಿಯುತ್ತದೆ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನಗಳೆಂಬ ಐದು ಅವಯವಗಳಿಂದ ನೈಯಾಯಿಕರು ಅನುಮಾನವನ್ನು ಕಟ್ಟುತ್ತಾರೆ: ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆಯಿದೆ, ಹೊಗೆಯಿರುವಲ್ಲೆಲ್ಲ ಬೆಂಕಿಯಿರುವುದು ಅಡಿಗೆಮನೆಯಲ್ಲಿ ಕಂಡದ್ದೇ, ಈ ಬೆಟ್ಟವೂ ಅಂತಹುದು, ಆದುದರಿಂದ ಬೆಂಕಿಯಿದೆ. ಆದರೆ ದೂರದಲ್ಲಿ ಕಂಡದ್ದು ಹೊಗೆಯೋ ಮಂಜೋ? ಮಾಗಿಯ ಬೆಳಗಿನಲ್ಲಿ ಗೊರೂರಿನ ಕಡೆ ನೋಡಿದವರಿಗೆ ಹೇಮಾವತಿಯ ಜಲಾಶಯದ ಮೇಲೆ ಏಳುವ ಮಂಜಿಗೂ ಅದರಾಚೆಯ ಆಲೆಮನೆಯ ಹೊಗೆಗೂ ಅಂತರ ಥಟ್ಟನೆ ತಿಳಿಯದು. ಮಂಜನ್ನು ಹೊಗೆಯೆಂದು ಬಗೆದು ಬೆಂಕಿಯನ್ನು ಊಹಿಸಿದಾಗ, ಅಕಸ್ಮಾತ್ತಾಗಿ ಅಲ್ಲಿ ಬೆಂಕಿಯೂ ಇದ್ದರೆ, ಅವನಿಗೆ ಆದುದು ಜ್ಞಾನವೆ? ನಮ್ಮ ಪ್ರಾಚೀನ ತಾರ್ಕಿಕರು ಎತ್ತಿದ ಈ ಶಂಕೆಯನ್ನೇ, ತಕ್ಕ ಆಧಾರವುಳ್ಳ ನಿಜವಾದ ನಂಬಿಕೆಯು ಜ್ಞಾನವಾಗುತ್ತದೆಯೆ ಎಂಬ ರೂಪದಲ್ಲಿ, ಅಮೆರಿಕದ ಎಡ್ಮಂಡ್ ಗೆಟ್ಟಿಯರ್ 1963ರಲ್ಲಿ ಮೂರು ಪುಟಗಳ ಲೇಖನದಲ್ಲಿ ಕೇಳಿದನು. ಹಳ್ಳಿಯಿಂದ ಬಂದ ವಿದ್ಯಾರ್ಥಿಗೆ ಈ ಪ್ರಶ್ನೆಯನ್ನು ಅವನ ಊರಿನ ಮಂಜಿನಿಂದ ಹೇಳಿಕೊಟ್ಟರೆ, ಅವನು ಅದನ್ನು ಬದುಕಿರುವವರೆಗೆ ಮರೆಯಲಾರನು.

ಮತಧರ್ಮಗಳ ವ್ಯಾಸಂಗದ ಕಥೆ ಇಷ್ಟು ನೇರವಾದುದಲ್ಲ. ಯೂರೋಪಿನಲ್ಲಿ ಮ್ಯಾಕ್ಸ್ ಮುಲ್ಲರನು 1870ರಲ್ಲಿ ಮತಗಳ ವಿಜ್ಞಾನವನ್ನು ಕುರಿತು ಉಪನ್ಯಾಸಗಳನ್ನು ಕೊಟ್ಟನು. 1877ರಲ್ಲಿ ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ಟೀಲೆಯವರಿಗೆ ಮತಗಳ ಇತಿಹಾಸದ ಪೀಠ ದೊರೆಯಿತು. ಬ್ರಿಟನ್ನಿನ ಲ್ಯಾಂಕಸ್ಟರಿನಲ್ಲಿ ನಿನಿಯನ್ ಸ್ಮಾರ್ಟರು 1967ರಲ್ಲಿ, ಕ್ರೈಸ್ತ ದೇವತಾಶಾಸ್ತ್ರಕ್ಕೆ ಅಂಟಿಕೊಳ್ಳದ ವಿಭಾಗವನ್ನು ಕಟ್ಟಿದರು. ಸ್ವತಂತ್ರ ಭಾರತವು ಸಕಾರಣವಾಗಿಯೇ ಅಳುಕಿತು. ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಮತಬೋಧನೆ ಕೂಡದೆಂದು ಸಂವಿಧಾನದ 28ನೆಯ ಅನುಚ್ಛೇದವು ವಿಧಿಸಿದೆ. ಆದರೆ 1948–49ರ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು, ಮೈಸೂರಿನಲ್ಲಿ ಪಾಠಹೇಳಿದ್ದ ಆ ರಾಧಾಕೃಷ್ಣನ್ನರ ಅಧ್ಯಕ್ಷತೆಯಲ್ಲಿಯೇ, ಬೋಧನೆಗೂ ವ್ಯಾಸಂಗಕ್ಕೂ ಅಂತರವಿದೆಯೆಂಬುದನ್ನು ಮನಗಂಡು, ಪದವಿಯ ಮೊದಲ ವರ್ಷ ಬುದ್ಧ, ಏಸು, ಶಂಕರ, ರಾಮಾನುಜ, ಮಹಮ್ಮದ್, ಕಬೀರ್, ನಾನಕ್, ಗಾಂಧಿ ಮೊದಲಾದವರ ಜೀವನಗಳನ್ನೂ, ಎರಡನೆಯ ವರ್ಷ ಜಗತ್ತಿನ ಮತಗ್ರಂಥಗಳಿಂದ ಆಯ್ದ ಭಾಗಗಳನ್ನೂ, ಮೂರನೆಯ ವರ್ಷ ಮತತತ್ತ್ವದ ಮುಖ್ಯ ಸಮಸ್ಯೆಗಳನ್ನೂ ಓದಿಸಬೇಕೆಂದು ಸಲಹೆಯಿತ್ತಿತು. 1964–66ರ ಕೊಠಾರಿ ಆಯೋಗವೂ ಮತಶಿಕ್ಷಣ ಬೇರೆ, ಮತಗಳನ್ನು ಕುರಿತ ಶಿಕ್ಷಣ ಬೇರೆ ಎಂದಿತು. ಈ ಸಲಹೆಗಳು ಬಹುತೇಕ ವರದಿಗಳಲ್ಲಿಯೇ ಉಳಿದುವು. ನೆರೆಮನೆಯವನ ಹಬ್ಬದ ಅರ್ಥವನ್ನು ಅರಿಯದೆಯೇ ಪದವೀಧರರಾಗುವ ನಮ್ಮ ಮಕ್ಕಳನ್ನು ನೋಡಿದಾಗ ಈ ನಷ್ಟವು ಮನಸ್ಸನ್ನು ಕಲಕುತ್ತದೆ.

ಬದಲಾಗಿ ಒಂದೊಂದು ಮತಕ್ಕೆ ಒಂದೊಂದು ವಿಭಾಗವೋ ಪೀಠವೋ ಹುಟ್ಟುವ ಕ್ರಮ ಬಂದಿತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತದ ವಿಭಾಗ ತೆರೆದಾಗ, ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಜನಿಸಿದ ಮಹಾವಿದ್ವಾಂಸ ಎ. ಎನ್. ಉಪಾಧ್ಯೆಯವರು ಬಂದು ಅದಕ್ಕೆ ಅಡಿಪಾಯ ಹಾಕಿದರು. ಕ್ರೈಸ್ತಧರ್ಮಕ್ಕೂ ಅಲ್ಲಿ ವಿಭಾಗವಿದೆ. ಧಾರವಾಡದ ಕಡೆ ಎಸ್. ಸಿ. ನಂದೀಮಠರು ವೀರಶೈವವನ್ನು ಕುರಿತು 1942ರಲ್ಲಿ ಬರೆದ ಕೈಪಿಡಿಯು ಆಧುನಿಕ ವಿಧಾನದ ಮೊದಲ ಫಲಗಳಲ್ಲೊಂದು. ಇವುಗಳಿಂದ ಆಳ ಒದಗಿತು; ತೌಲನಿಕ ದೃಷ್ಟಿ ಹಿಂದೆ ಬಿದ್ದಿತು.

ಇನ್ನು ಹೆಸರಿನ ತೊಡಕು. ಬೆಂಗಳೂರಿನಲ್ಲಿ ಬೆಳೆದು ಬೆಲ್ಜಿಯಮಿನ ಘೆಂಟ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದ ಎಸ್. ಎನ್. ಬಾಲಗಂಗಾಧರರು 1994ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪಾಶ್ಚಾತ್ಯರು ರಿಲಿಜನ್ ಎನ್ನುವುದು ಕ್ರೈಸ್ತ, ಇಸ್ಲಾಂ, ಯಹೂದ್ಯ ಸಂಪ್ರದಾಯಗಳಿಗೆ ಹೊಂದುವ ಕಲ್ಪನೆಯೆಂದೂ, ಭಾರತದ ಸಂಪ್ರದಾಯಗಳನ್ನು ಅದೇ ಅಚ್ಚಿನಲ್ಲಿ ಎರಕಹೊಯ್ದುದರಿಂದ ಅವುಗಳ ಸ್ವರೂಪವೇ ಮರೆಯಾಯಿತೆಂದೂ ವಾದಿಸಿದರು. ಕುವೆಂಪು ವಿಶ್ವವಿದ್ಯಾನಿಲಯದ ವಿದ್ವಾಂಸರ ಮೂಲಕ ಈ ವಾದವು ಕನ್ನಡಕ್ಕೂ ಬಂದು ಬಿರುಸಾದ ಚರ್ಚೆಗೆ ಎಡೆಮಾಡಿತು. ಇದನ್ನು ಪೂರ್ಣವಾಗಿ ಒಪ್ಪುವುದು ಕಷ್ಟ. ಆದರೆ ಬುಕ್ಕರಾಯನ ಶಾಸನವು ಜೈನ ವೈಷ್ಣವಗಳೆರಡನ್ನೂ ದರ್ಶನವೆಂದು ಕರೆದಿರುವುದನ್ನೂ, ಊರಿನ ಗ್ರಾಮದೇವತೆಯ ಹಬ್ಬಕ್ಕೆ ಯಾವ ಮತಗ್ರಂಥವೂ ಬೇಡವಾಗಿರುವುದನ್ನೂ ಕಂಡವರು ಇದನ್ನು ಸುಲಭವಾಗಿ ತಳ್ಳಿಹಾಕಲಾರರು. ಹಾಗೆಯೇ, ಮಣಿಪಾಲದಲ್ಲಿ ತತ್ತ್ವಶಾಸ್ತ್ರದ ಕೇಂದ್ರವನ್ನು ನಡೆಸಿದ ಸುಂದರ್ ಸರುಕ್ಕೈ ಅವರು ಗೋಪಾಲ್ ಗುರು ಅವರೊಡನೆ 2012ರಲ್ಲಿ ಪ್ರಕಟಿಸಿದ ಗ್ರಂಥವು, ಅಸ್ಪೃಶ್ಯತೆಯ ಅನುಭವವನ್ನು ಕುರಿತು ಸಿದ್ಧಾಂತ ಕಟ್ಟುವ ಅಧಿಕಾರ ಯಾರದು ಎಂದು ಕೇಳಿ, ಗುರುಮನೆಯ ಮುಚ್ಚಿದ ಬಾಗಿಲಿನ ಪ್ರಶ್ನೆಯನ್ನು ತತ್ತ್ವಶಾಸ್ತ್ರದ ನಡುಮನೆಗೇ ತಂದಿತು.

ಇವೆಲ್ಲಕ್ಕಿಂತಲೂ ಹಾಸನ ಸೀಮೆಯ ವಿದ್ಯಾರ್ಥಿಗೆ ಎದುರಾಗುವ ನಿತ್ಯದ ಕಷ್ಟವು ಭಾಷೆಯದು. ಹುಟ್ಟಿನಿಂದ ಕೇಳಿಬಂದ ಕರ್ಮ, ಮಾಯೆ, ಪ್ರಮಾಣ, ಭ್ರಾಂತಿ ಎಂಬ ಶಬ್ದಗಳನ್ನು ಇಂಗ್ಲಿಷಿನ ಪಠ್ಯದಲ್ಲಿ ಬೇರೆ ಹೆಸರಿನಿಂದ ಗುರುತಿಸಿ, ಅವನ್ನು ಮತ್ತೆ ಕನ್ನಡಕ್ಕೆ ತಿರುಗಿಸಿಕೊಂಡು ಪರೀಕ್ಷೆಗೆ ಬರೆಯಬೇಕಾಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯವು ಊರೂರುಗಳಲ್ಲಿ ಕನ್ನಡದ ಉಪನ್ಯಾಸಗಳನ್ನು ಏರ್ಪಡಿಸಿ ಪ್ರಚಾರೋಪನ್ಯಾಸ ಮಾಲೆಯಲ್ಲಿ ಅಗ್ಗದ ಪುಸ್ತಕಗಳನ್ನು ಅಚ್ಚುಹಾಕಿಸಿದುದೂ, ಜಿ. ಹನುಮಂತರಾಯರು ಪಾಶ್ಚಾತ್ಯ ತತ್ತ್ವಶಾಸ್ತ್ರದ ಚರಿತ್ರೆಯನ್ನು ಕನ್ನಡದಲ್ಲಿ ಬರೆದುದೂ ಈ ಕಷ್ಟವನ್ನು ನೀಗುವ ಮಹತ್ತಾದ ಯತ್ನಗಳು. ಅರಕಲಗೂಡು ತಾಲ್ಲೂಕಿನ ಕೇರಳಾಪುರದವರಾದ ಕೆ. ಕೃಷ್ಣಮೂರ್ತಿಗಳು (1923–1997) ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದು, ಆನಂದವರ್ಧನನ ಧ್ವನ್ಯಾಲೋಕವನ್ನು ಇಂಗ್ಲಿಷಿಗೂ ಕನ್ನಡಕ್ಕೂ ತಂದರು. ಒಂದೇ ಶಾಸ್ತ್ರವನ್ನು ಎರಡೂ ಭಾಷೆಗಳಲ್ಲಿ ಸಮಾನವಾದ ಖಚಿತತೆಯಿಂದ ಹೇಳಬಲ್ಲ ಇಂತಹವರು ಒಂದು ತಲೆಮಾರಿಗೆ ಹತ್ತು ಮಂದಿ ದೊರೆತರೆ ಸಾಕು.

ಇಂದು ಈ ವಿಷಯವನ್ನು ಆರಿಸಿಕೊಳ್ಳುವವರ ಸಂಖ್ಯೆ ಕಡಿಮೆ. ಅಧ್ಯಾಪನವನ್ನು ಬಿಟ್ಟರೆ, ಕೇಂದ್ರ ಲೋಕಸೇವಾ ಪರೀಕ್ಷೆಯಲ್ಲಿ ತತ್ತ್ವಶಾಸ್ತ್ರವನ್ನು ಐಚ್ಛಿಕವಾಗಿ ತೆಗೆದುಕೊಳ್ಳುವವರೇ ಹೆಚ್ಚಾಗಿ ಇದರ ಪುಸ್ತಕಗಳನ್ನು ಕೊಳ್ಳುವವರು. ಅದರ ಎರಡನೆಯ ಪತ್ರಿಕೆಯಲ್ಲಿ ಮತತತ್ತ್ವವಿಚಾರವೂ ಸೇರಿದೆ. 2023ರಲ್ಲಿ ಹಾಸನಕ್ಕೆ ತನ್ನದೇ ವಿಶ್ವವಿದ್ಯಾನಿಲಯ ಬಂದುದರಿಂದ, ಹಿಂದೆ ಮೈಸೂರಿನ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿಯು ಜಿಲ್ಲೆಯ ಸ್ವಂತ ವಿದ್ಯಾಕೇಂದ್ರವಾಯಿತು. ಅಲ್ಲಿ ಕುಳಿತು ತತ್ತ್ವವನ್ನೂ ಮತಗಳನ್ನೂ ಓದುವವನಿಗೆ ಒಂದು ದಿಕ್ಕಿನಲ್ಲಿ ಹೊಳೆನರಸೀಪುರದ ಕಾರ್ಯಾಲಯ, ಇನ್ನೊಂದು ದಿಕ್ಕಿನಲ್ಲಿ ಬೆಳಗೊಳದ ಶಾಸನಗಳು ಬಸ್ಸಿನ ಹಾದಿಯಷ್ಟು ದೂರದಲ್ಲಿವೆ. ಬೆಳಗೊಳದಲ್ಲಿ ರಾಷ್ಟ್ರೀಯ ಪ್ರಾಕೃತ ಅಧ್ಯಯನ ಮತ್ತು ಸಂಶೋಧನ ಸಂಸ್ಥೆಯಿದೆ. ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಮುಗಿಸಿದ ಧವಲಾ ಟೀಕೆಯು, ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಮೂಡುಬಿದಿರೆಯ ಬಸದಿಯೊಳಗೆ ಶತಮಾನಗಳ ಕಾಲ ಯಾರೂ ಓದದೆ ಪೂಜೆಗೊಳ್ಳುತ್ತಿದ್ದು, ಕಳೆದ ಶತಮಾನದಲ್ಲಿ ಪ್ರತಿಗಳಾಗಿ ಹೊರಬಂದು, 1939ರಿಂದ 1959ರವರೆಗೆ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಹಿಂದೀ ಅನುವಾದದೊಡನೆ 16 ಸಂಪುಟಗಳಲ್ಲಿ ಅಚ್ಚಾಯಿತು. ಕರ್ಮಸಿದ್ಧಾಂತದ ಆ ಮಹಾಗ್ರಂಥವನ್ನು ಕನ್ನಡಕ್ಕೆ ತರುವ ಕೆಲಸವನ್ನು ಈ ಸಂಸ್ಥೆಯು ಕೈಗೆತ್ತಿಕೊಂಡು, ಸಂಪುಟ ಸಂಪುಟವಾಗಿ ಪ್ರಕಟಿಸುತ್ತ ಬಂದಿದೆ.